ತಾಂಬೂಲದಲ್ಲಿ ಬಂದ ಗಿಡ, ಆಮೇಲಿನ ಒಂದು ವರ್ಷ

2024ರ ನವೆಂಬರ್ ಕೊನೆಯಲ್ಲಿ ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ನಂಟರೊಬ್ಬರ ಗೃಹಪ್ರವೇಶವಿತ್ತು. ಊಟ ಮುಗಿಸಿ ಹೊರಡುವಾಗ ಕೊಟ್ಟ ತಾಂಬೂಲದ ಚೀಲದಲ್ಲಿ ಎಲೆ ಅಡಿಕೆ, ಬಾಳೆಹಣ್ಣು ಇದ್ದವು. ತೆಂಗಿನಕಾಯಿ ಇರಬೇಕಾದ ಜಾಗದಲ್ಲಿ ಒಂದು ಪುಟ್ಟ ಪಿಂಗಾಣಿ ಬಟ್ಟಲಿತ್ತು. ಅದರೊಳಗೆ ಗುಲಾಬಿ ಹೂವಿನಂತೆ ಸುತ್ತು ಸುತ್ತಾಗಿ ಎಲೆ ಜೋಡಿಸಿಕೊಂಡ, ವಿಭೂತಿ ಸವರಿದಂಥ ನಸು ನೀಲಿಯ ಗಿಡ. ಬುಡದ ತುಂಬ ಬಿಳಿ ಕಲ್ಲು. ಎಚೆವೇರಿಯಾ ಎಂಬ ಹೆಸರು ಆಮೇಲೆ ತಿಳಿಯಿತು. ಅಂದು ನನಗೆ ತಿಳಿದದ್ದು ಇಷ್ಟೇ: ಇದು ಸಕ್ಯುಲೆಂಟ್, ಅಂದರೆ ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡ, ಇದಕ್ಕೆ ನೀರು ಬೇಡ, ಇದು ಸಾಯುವುದಿಲ್ಲ.

ಆ ಮಾತು ಕೇಳಿ ಸಂತೋಷಪಡಲು ನನಗೆ ಕಾರಣವಿತ್ತು. ನಮ್ಮದು ಹನುಮಂತನಗರದಲ್ಲಿ ಒಂಬತ್ತು ಮನೆಗಳ ಕಟ್ಟಡದ ಎರಡನೆಯ ಮಹಡಿ. ಬಾಲ್ಕನಿಯಲ್ಲಿ ಮಲ್ಲಿಗೆ, ದಾಸವಾಳ, ಎರಡು ಗುಲಾಬಿ ಇದ್ದವು. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್ ಬತ್ತಿತು. ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಪ್ರಕಟಿಸಿತು. ಅಕ್ಕಿ ತೊಳೆದ ನೀರಿನಲ್ಲಿ ಎಷ್ಟು ದಿನ ನಡೆಸಲಾದೀತು? ಕುಂಡಗಳನ್ನೆಲ್ಲ ತುಮಕೂರಿನ ತಂಗಿಯ ಮನೆಗೆ ಕಳಿಸಿದೆ. ತುಳಸಿಯೊಂದೇ ಉಳಿಯಿತು. ಅಂಥ ಮನೆಗೆ ನೀರು ಕೇಳದ ಗಿಡ ತಾನಾಗಿ ಬಂದಿತ್ತು.

ಬೆಳಿಗ್ಗೆ ತುಳಸಿಗೆ ನೀರೆರೆದ ಮೇಲೆ ಅದಕ್ಕೂ ಒಂದು ಉದ್ಧರಣೆ ನೀರು ಹಾಕುತ್ತಿದ್ದೆ. ಒಂದೇ ಉದ್ಧರಣೆ, ದಿನಾಲೂ. ಮೂರು ವಾರಕ್ಕೆ ಕೆಳಗಿನ ಎಲೆಯೊಂದು ಬೆಂದ ಈರುಳ್ಳಿಯ ಪದರದಂತೆ ಪಾರದರ್ಶಕವಾಯಿತು. ಬಾಯಾರಿರಬೇಕು ಎಂದು ಎರಡು ಉದ್ಧರಣೆ ಹಾಕಿದೆ. ಮುಟ್ಟಿದರೆ ಎಲೆ ಉದುರತೊಡಗಿತು. ಜನವರಿ 9ರ ಬೆಳಿಗ್ಗೆ ನೋಡಿದರೆ ಇಡೀ ಗಿಡ ಪಕ್ಕಕ್ಕೆ ವಾಲಿತ್ತು. ಬಿಳಿ ಕಲ್ಲುಗಳನ್ನು ತೆಗೆದಾಗ ಕಾಂಡ ಇದ್ದಿಲಿನಂತೆ ಕಪ್ಪಾಗಿತ್ತು. ಬೇರಿಗೆ ಬಲೆಯಂಥ ಬಟ್ಟೆ ಸುತ್ತಿದ್ದರು, ಅದರೊಳಗೆ ಬರೀ ತೆಂಗಿನ ನಾರಿನ ಪುಡಿ. ಹಿಂಡಿದರೆ ನೀರು ತೊಟ್ಟಿಕ್ಕಿತು. ಬಟ್ಟಲಿನ ತಳದಲ್ಲಿ ತೂತೇ ಇರಲಿಲ್ಲ. ನಲವತ್ತು ದಿನ ಹಾಕಿದ ನೀರಿನಲ್ಲಿ ಹೆಚ್ಚಿನದು ಅಲ್ಲೇ ನಿಂತಿತ್ತು.

ಶುಭಕಾರ್ಯದ ತಾಂಬೂಲದಲ್ಲಿ ಬಂದ ಜೀವ ನನ್ನ ಕೈಯಲ್ಲಿ ಕೊಳೆತುಹೋಯಿತು ಎಂಬುದು ಮನಸ್ಸನ್ನು ಬಹಳ ಚುಚ್ಚಿತು. ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. ಎಲ್ಲಿ ತಪ್ಪಿತು ಎಂದು ಹುಡುಕದೆ ಬಿಡಲಾಗುವುದಿಲ್ಲ. ಅಂದೇ ಒಂದು ನೋಟ್‌ಬುಕ್ ತೆರೆದು ದಿನಾಂಕ, ನೀರು, ಬಿಸಿಲು, ಖರ್ಚು ಬರೆಯಲು ಶುರುಮಾಡಿದೆ. ಈಗ ಬರೆಯುತ್ತಿರುವುದೆಲ್ಲ ಆ ಪುಸ್ತಕದಿಂದ. ಇಂಥದೇ ಬಟ್ಟಲೊಂದು ನಿಮ್ಮ ಮನೆಗೂ ಬಂದಿದ್ದರೆ ಇಂದೇ ಅದನ್ನು ತಲೆಕೆಳಗು ಮಾಡಿ ನೋಡಿ. ತೂತಿಲ್ಲದಿದ್ದರೆ ಗಿಡವನ್ನು ಹೊರಗೆ ತೆಗೆಯಿರಿ, ಬೇರಿಗೆ ಸುತ್ತಿದ ಬಲೆಯನ್ನು ಕತ್ತರಿಸಿ. ನಾಳೆಗೆ ಬಿಡಬೇಡಿ.

ಜನವರಿಯಲ್ಲಿ, ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನಡೆಯುತ್ತಿದ್ದ ಒಂದು ಭಾನುವಾರ, ಲಾಲ್‌ಬಾಗಿಗೆ ಹೋದೆ. ಗಾಜಿನ ಮನೆಯ ಮುಂದಿನ ಸಾಲು ನೋಡಿ ಒಳಗೆ ಹೋಗುವ ಆಸೆ ಬಿಟ್ಟು ಸಿದ್ದಾಪುರ ಗೇಟಿನಿಂದ ಹೊರಬಂದೆ. ಆ ರಸ್ತೆಯುದ್ದಕ್ಕೂ ನರ್ಸರಿಗಳು. ಮೊದಲ ಎರಡು ಕಡೆ ಕೇಳಿದ್ದಕ್ಕೆ ಒಂದೇ ಉತ್ತರ: "ವಾರಕ್ಕೊಂದು ಸಲ ನೀರು ಹಾಕಿ ಮೇಡಂ, ಸಾಕು." ಮೂರನೆಯ ನರ್ಸರಿಯಲ್ಲಿ ಮಣ್ಣು ಕಲಸುತ್ತ ಕೂತಿದ್ದ ವಯಸ್ಸಾದ ಮಾಲಿಯೊಬ್ಬರು ಮಾತ್ರ ನನ್ನ ಕಥೆಯನ್ನು ಪೂರ್ತಿ ಕೇಳಿದರು. ಕೈ ಒರೆಸಿಕೊಂಡು ಎದ್ದು ಒಂದೇ ಅಳತೆಯ ಎರಡು ಕುಂಡಗಳನ್ನು ನನ್ನ ಎರಡು ಅಂಗೈ ಮೇಲೆ ಇಟ್ಟರು.

"ಯಾವುದು ಭಾರ ಅಮ್ಮಾ?"

ಎಡಗೈಯದು ಭಾರವಾಗಿತ್ತು.

"ಅದಕ್ಕೆ ನಿನ್ನೆ ನೀರು ಹಾಕಿದೆ. ಇನ್ನೊಂದಕ್ಕೆ ಹಾಕಿ ಹದಿನೈದು ದಿನವಾಯಿತು. ವಾರ, ತಿಂಗಳು ಎಣಿಸಬೇಡಿ. ಎತ್ತಿ ನೋಡಿ, ಕೈ ಹೇಳುತ್ತದೆ."

ವರ್ಷವೆಲ್ಲ ನನ್ನನ್ನು ಕಾಪಾಡಿದ್ದು ಆ ಮಾತು. ಕೈಗೆ ಅಭ್ಯಾಸವಾಗುವವರೆಗೆ ನಾನು ಅಡುಗೆಮನೆಯ ತಕ್ಕಡಿಯಲ್ಲೇ ತೂಗುತ್ತಿದ್ದೆ. ನಾಲ್ಕಿಂಚಿನ ಮಣ್ಣಿನ ಕುಂಡದಲ್ಲಿರುವ ನನ್ನ ಹವರ್ಥಿಯಾ ನೀರು ಕುಡಿದು, ಹೆಚ್ಚಿನದು ಸೋರಿಹೋದ ಮೇಲೆ 692 ಗ್ರಾಂ. ಪೂರ್ತಿ ಒಣಗಿದಾಗ 604. ಆ 88 ಗ್ರಾಂ ಆರಲು ಮಾರ್ಚ್‌ನಲ್ಲಿ ಒಂಬತ್ತು ದಿನ ಸಾಕಾಯಿತು, ಜುಲೈನಲ್ಲಿ ಇಪ್ಪತ್ತೆರಡು ದಿನ ಬೇಕಾಯಿತು. ಗಿಡ ಅದೇ, ಕುಂಡ ಅದೇ, ಮನೆ ಅದೇ. "ವಾರಕ್ಕೊಂದು ಸಲ" ಎಂಬ ಲೆಕ್ಕವನ್ನು ಹಿಡಿದಿದ್ದರೆ ಜುಲೈನಲ್ಲಿ ಅದೂ ಕೊಳೆಯುತ್ತಿತ್ತು.

ಅಂದು ನಾಲ್ಕು ಗಿಡ ತಂದೆ. ಜೇಡ್ 80 ರೂಪಾಯಿ, ಮೈಮೇಲೆ ಬಿಳಿ ಪಟ್ಟೆಯಿರುವ ಹವರ್ಥಿಯಾ 120, ನಾಲಿಗೆಯಂಥ ದಪ್ಪ ಎಲೆಯ ಗ್ಯಾಸ್ಟೀರಿಯಾ 100, ಮತ್ತೆ ಎಚೆವೇರಿಯಾ 150. ಒಟ್ಟು 450. ಎಲ್ಲದರ ಮೇಲೂ "ಮನೆಯೊಳಗಿನ ಗಿಡ" ಎಂಬ ಚೀಟಿಯಿತ್ತು. ಈ ಚೀಟಿಯನ್ನು ನಂಬಬೇಡಿ. ಹವರ್ಥಿಯಾ, ಗ್ಯಾಸ್ಟೀರಿಯಾ ದಕ್ಷಿಣ ಆಫ್ರಿಕಾದಲ್ಲಿ ಪೊದೆಗಳ ಅಡಿಯಲ್ಲಿ, ಕಲ್ಲಿನ ಮರೆಯಲ್ಲಿ ಬೆಳೆಯುವಂಥವು, ಕಡಿಮೆ ಬೆಳಕಿಗೆ ಒಗ್ಗಿದವು. ಎಚೆವೇರಿಯಾ ಮೆಕ್ಸಿಕೊದ ಬೆಟ್ಟಗಳದು, ಅದಕ್ಕೆ ಬಿಸಿಲು ಬೇಕೇ ಬೇಕು. ಒಂದೇ ಚೀಟಿ ಎರಡಕ್ಕೂ ಹೊಂದುವುದಿಲ್ಲ.

ಮುಂದಿನದು ಕುಂಡ ಮತ್ತು ಮಣ್ಣು. ಬೆನ್ಸನ್ ಟೌನ್ ಬಳಿಯ ಪಾಟರಿ ಟೌನ್‌ಗೆ ಹೋಗಿ ಮೂವತ್ತು ರೂಪಾಯಿಗೊಂದರಂತೆ ಆರು ಮಣ್ಣಿನ ಕುಂಡ ತಂದೆ. ಸುಟ್ಟ ಮಣ್ಣು ತನ್ನ ಮೈಯಿಂದಲೇ ತೇವವನ್ನು ಹೊರಬಿಡುತ್ತದೆ, ನಮ್ಮಂತೆ ಕೈ ತಡೆಯದೆ ನೀರು ಹಾಕುವವರಿಗೆ ಅದೇ ಕ್ಷೇಮ. ತಳದ ತೂತಿಗೆ ಬೋಕಿ ಚೂರು ಇಡುವುದು ನಮ್ಮ ಅಮ್ಮನ ಪದ್ಧತಿ. ನಾನು ಹಳೆಯ ಸೊಳ್ಳೆಪರದೆಯ ತುಂಡಿಟ್ಟೆ. ಮಣ್ಣು ಜಾರುವುದಿಲ್ಲ, ನೀರು ನಿಲ್ಲುವುದಿಲ್ಲ. ತಳದಲ್ಲಿ ಎರಡಿಂಚು ಜಲ್ಲಿ ತುಂಬಿದರೆ ನೀರು ಬೇಗ ಇಳಿಯುತ್ತದೆ ಎಂದು ಹಲವರು ಹೇಳಿದರು. ಹಾಗಾಗುವುದಿಲ್ಲ. ನೀರು ಜಲ್ಲಿಯ ಮೇಲಿನ ಮಣ್ಣಿನಲ್ಲೇ ತಡೆದು ನಿಲ್ಲುತ್ತದೆ, ಬೇರಿಗೆ ಸಿಗುವ ಜಾಗ ಕಡಿಮೆಯಾಗುತ್ತದೆ ಅಷ್ಟೇ. ಜಲ್ಲಿ ಮಣ್ಣಿನ ಜೊತೆಗೇ ಬೆರೆಯಬೇಕು.

ಮಣ್ಣಿನಲ್ಲಿ ಒಮ್ಮೆ ಪೂರ್ತಿ ಸೋತೆ. ನದಿ ಮರಳು ಸಿಗಲಿಲ್ಲ. ಪಕ್ಕದ ನಿವೇಶನದಲ್ಲಿ ಮನೆ ಕಟ್ಟುತ್ತಿದ್ದ ಮೇಸ್ತ್ರಿಯನ್ನು ಕೇಳಿ ಒಂದು ಬಕೆಟ್ ಎಂ-ಸ್ಯಾಂಡ್ ತಂದು ಕೆಂಪು ಮಣ್ಣಿಗೆ ಅರ್ಧಕ್ಕರ್ಧ ಬೆರೆಸಿದೆ. ಎರಡನೆಯ ಸಲ ನೀರು ಹಾಕಿದಾಗ ಅದು ಮೇಲೆಯೇ ನಿಂತಿತು, ಇಳಿಯಲಿಲ್ಲ. ಎಂ-ಸ್ಯಾಂಡ್ ಎಂದರೆ ಪುಡಿ ಮಾಡಿದ ಕಲ್ಲು. ಅದರಲ್ಲಿರುವ ನುಣ್ಣನೆಯ ಧೂಳು ಕೆಂಪು ಮಣ್ಣಿನ ಜೇಡಿಯೊಂದಿಗೆ ಸೇರಿ ನೆಲ ಗಾರೆ ಮಾಡಿದಂತೆ ಗಟ್ಟಿಯಾಗಿತ್ತು. ನಾಲ್ಕೂ ಗಿಡ ಕಿತ್ತು ಮತ್ತೆ ಮೊದಲಿನಿಂದ. ಈ ಬಾರಿ ಎಂ-ಸ್ಯಾಂಡನ್ನು ರವೆ ಜರಡಿಯಲ್ಲಿ ಜರಡಿ ಹಿಡಿದು, ಮೇಲೆ ಉಳಿದ ದಪ್ಪ ಕಣಗಳನ್ನು ಮಾತ್ರ ಇಟ್ಟುಕೊಂಡು, ನೀರು ತಿಳಿಯಾಗುವವರೆಗೆ ನಾಲ್ಕು ಸಲ ತೊಳೆದೆ. ಅದು ಒಂದು ಪಾಲು, ಪರ್ಲೈಟ್ (ಕಾಯಿಸಿ ಉಬ್ಬಿಸಿದ ಕಲ್ಲಿನ ಹಗುರವಾದ ಬಿಳಿ ಹರಳು) ಒಂದು ಪಾಲು, ಕೆಂಪು ಮಣ್ಣು ಮತ್ತು ಎರೆಗೊಬ್ಬರ ಸೇರಿ ಒಂದು ಪಾಲು. ಈ ಮಿಶ್ರಣವನ್ನು ಹಸಿಯಾಗಿ ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ನಿಲ್ಲಬಾರದು, ಉದುರಬೇಕು. ನನಗೆ ಸಿಕ್ಕ ಪರೀಕ್ಷೆ ಇದೊಂದೇ, ಇದುವರೆಗೂ ತಪ್ಪಿಲ್ಲ. ಪರ್ಲೈಟ್ ಮತ್ತು ಗೊಬ್ಬರಕ್ಕೆ 320 ರೂಪಾಯಿ ಆಯಿತು. ಪರ್ಲೈಟ್ ಚೀಲ ಬಿಚ್ಚುವ ಮುನ್ನ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಸ್ವಲ್ಪ ನೀರು ಚಿಮುಕಿಸಿ. ಅದರ ಧೂಳು ಒಳ್ಳೆಯದಲ್ಲ.

ನೀರು ಹಾಕುವ ಕ್ರಮವೂ ಬದಲಾಯಿತು. ಉದ್ಧರಣೆ ಲೆಕ್ಕ ಬಿಟ್ಟೆ. ಹಾಕಿದರೆ ತಳದ ತೂತಿನಿಂದ ಹರಿಯುವಷ್ಟು, ಇಲ್ಲವಾದರೆ ಒಂದು ಹನಿಯೂ ಇಲ್ಲ. ಎಲೆಗಳ ನಡುವೆ ನೀರು ನಿಂತರೆ ಬಟ್ಟೆಯ ಚುಂಗಿನಿಂದ ಹೀರಿ ತೆಗೆಯುತ್ತೇನೆ. ಬಾಯಾರಿದ ಎಲೆಯೂ ಮೆತ್ತಗಾಗುತ್ತದೆ, ಕೊಳೆಯುವ ಎಲೆಯೂ ಮೆತ್ತಗಾಗುತ್ತದೆ, ಹೊಸಬರು ಎಡವುವುದು ಇಲ್ಲೇ. ಬಾಯಾರಿದ್ದು ಸುಕ್ಕಾಗಿ ತೆಳ್ಳಗಾಗುತ್ತದೆ, ಬಣ್ಣ ಕಳೆದುಕೊಳ್ಳುವುದಿಲ್ಲ. ಕೊಳೆಯುವುದು ಉಬ್ಬಿ, ಒಳಗಿನ ನೀರು ಕಾಣುವಂತೆ ಹೊಳೆಯುತ್ತದೆ. ಅನುಮಾನವಾದರೆ ನಾಲ್ಕು ದಿನ ಕಾಯಿರಿ. ಬಾಯಾರಿದ ಗಿಡ ನಾಲ್ಕು ದಿನಕ್ಕೆ ಸಾಯುವುದಿಲ್ಲ.

ಈಗ ಬಿಸಿಲಿನ ವಿಷಯ. ನನ್ನ ವರ್ಷದ ಅತಿ ದೊಡ್ಡ ಪಾಠ ಇದು.

ಓದಿದ ಕಡೆಯಲ್ಲೆಲ್ಲ ದಕ್ಷಿಣದ ಕಿಟಕಿ ಅತ್ಯುತ್ತಮ ಎಂದಿತ್ತು. ನಮ್ಮ ಮನೆಯ ಪೂರ್ವದ ಕಿಟಕಿಗೆ ಪಕ್ಕದ ಕಟ್ಟಡದ ಗೋಡೆ ನಾಲ್ಕಡಿ ದೂರದಲ್ಲಿದೆ, ದಕ್ಷಿಣದ್ದು ರಸ್ತೆಗೆ ತೆರೆದಿದೆ. ಜನವರಿ 22ರಂದು ಕುಂಡಗಳನ್ನು ದಕ್ಷಿಣದ ಕಿಟಕಿ ಕಟ್ಟೆಯ ಮೇಲಿಟ್ಟೆ. ಮಧ್ಯಾಹ್ನ ಹನ್ನೆರಡೂವರೆಗೆ ಬಿಸಿಲು ಕಟ್ಟೆ ದಾಟಿ ನೆಲದ ಮೇಲೆ ಗೋಡೆಯಿಂದ ಮೂರಡಿಯವರೆಗೆ ಬಿದ್ದಿತ್ತು. ಟೇಪು ಹಿಡಿದು ಅಳೆದು ಪುಸ್ತಕದಲ್ಲಿ ಬರೆದುಕೊಂಡೆ. ಆ ಬಿಸಿಲ ಪಟ್ಟಿ ದಿನದಿನಕ್ಕೆ ಹಿಂದೆ ಸರಿಯಿತು. ಫೆಬ್ರವರಿ ಮಧ್ಯಕ್ಕೆ ಇನ್ನಷ್ಟು ಹಿಂದೆ. ಮಾರ್ಚ್ ಮೊದಲ ವಾರಕ್ಕೆ ಕಿಟಕಿಯಿಂದಲೇ ಹೊರಗೆ. ಕಿಟಕಿಯ ಮೇಲೆ ಚಾಚಿಕೊಂಡ ಸಜ್ಜಾದ ನೆರಳು ಅದನ್ನು ಇಡಿಯಾಗಿ ಮುಚ್ಚಿತ್ತು. ಹೊರಗೆ ಕಣ್ಣು ಕುಕ್ಕುವ ಬೇಸಿಗೆ, ನನ್ನ ಗಿಡಗಳಿಗೆ ನೇರ ಬಿಸಿಲೇ ಇಲ್ಲ. ನನಗೆ ಅರ್ಥವಾಗಲಿಲ್ಲ. ಕೆಳಮನೆಯಲ್ಲಿರುವ ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರನ್ನು ಕೇಳಿದೆ.

"ನೋಡಮ್ಮ, ಆ ಪುಸ್ತಕಗಳನ್ನು ಬರೆದವರು ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಕೂತಿದ್ದಾರೆ. ಅಲ್ಲಿ ಸೂರ್ಯ ವರ್ಷವೆಲ್ಲ ದಕ್ಷಿಣಕ್ಕೇ ಇರುತ್ತಾನೆ. ನಾವಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಪತ್ರಿಕೆಯಲ್ಲಿ ಶೂನ್ಯ ನೆರಳಿನ ದಿನ ಎಂದು ಹಾಕುತ್ತಾರಲ್ಲ, ಅದೇ. ಆಮೇಲೆ ಆಗಸ್ಟ್ 18ರವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿ."

ಎಷ್ಟು ಸರಳ ವಿಷಯ! ಬೆಂಗಳೂರಿನಲ್ಲಿ ದಕ್ಷಿಣದ ಕಿಟಕಿ ಚಳಿಗಾಲದ ಕಿಟಕಿ. ಮರೆಯಿಲ್ಲದ ಪೂರ್ವ ಅಥವಾ ಪಶ್ಚಿಮದ ಕಿಟಕಿಯಿದ್ದವರೇ ಪುಣ್ಯವಂತರು, ವರ್ಷವಿಡೀ ಒಂದು ಹೊತ್ತಿನ ಬಿಸಿಲು ಸಿಗುತ್ತದೆ. ಗಿಡ ಕೊಳ್ಳುವ ಮುನ್ನ ಕಿಟಕಿಯ ಮುಂದೆ ಒಂದು ದಿನ ರಜೆ ಹಾಕಿ ಕೂತು, ಬಿಸಿಲು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಬರೆದುಕೊಳ್ಳಿ. ಆಮೇಲೆ ಸಿದ್ದಾಪುರದ ನರ್ಸರಿಗಳಿಗೆ ಹೋಗಿ.

ಏಪ್ರಿಲ್ ಹೊತ್ತಿಗೆ ಎಚೆವೇರಿಯಾದ ಕಾಂಡ ಬೆರಳುದ್ದ ಎದ್ದು ನಿಂತಿತ್ತು. ಒತ್ತಾಗಿದ್ದ ಎಲೆಗಳು ಒಂದಕ್ಕೊಂದು ದೂರವಾಗಿ, ಅಂಚಿನ ಗುಲಾಬಿ ಬಣ್ಣ ಹೋಗಿ ಪೇಲವವಾಗಿತ್ತು. ಬೆಳೆಯುತ್ತಿದೆ ಎಂದು ಮನೆಯವರೆಲ್ಲ ಸಂತೋಷಪಟ್ಟರು. ಅದು ಬೆಳವಣಿಗೆಯಲ್ಲ, ಬೆಳಕಿಗಾಗಿ ಕತ್ತು ಚಾಚಿ ಹುಡುಕುವುದು. ಹಾಗೆ ಉದ್ದವಾದ ಕಾಂಡ ಮತ್ತೆ ಗಿಡ್ಡವಾಗುವುದಿಲ್ಲ.

ಗಾಬರಿಯಿಂದ ಮಾಡಿದ್ದು ಇನ್ನೊಂದು ತಪ್ಪು. ನಾಲ್ಕೂ ಕುಂಡಗಳನ್ನು ತಾರಸಿಗೆ ಒಯ್ದು ಪ್ಯಾರಾಪೆಟ್ ಮೇಲೆ ಇಟ್ಟೆ. ಎರಡೇ ದಿನಕ್ಕೆ ಹವರ್ಥಿಯಾ ಇಟ್ಟಿಗೆ ಬಣ್ಣಕ್ಕೆ ತಿರುಗಿತು, ಎಚೆವೇರಿಯಾದ ಎಲೆಗಳ ಮೇಲೆ ಇಸ್ತ್ರಿ ಪೆಟ್ಟಿಗೆ ತಾಕಿದಂಥ ಕಂದು ಕಲೆ ಬಿತ್ತು. ಒಳಗಿದ್ದ ಗಿಡವನ್ನು ಬಿಸಿಲಿಗೆ ಒಗ್ಗಿಸಲು ಎರಡು ವಾರ ಬೇಕು. ಮೊದಲು ಬೆಳಗಿನ ಅರ್ಧ ಗಂಟೆ, ಮತ್ತೆ ಒಂದು ಗಂಟೆ, ಹೀಗೆ. ಸುಟ್ಟ ಕಲೆ ಮಾಯುವುದಿಲ್ಲ, ಆ ಎಲೆ ಉದುರುವವರೆಗೂ ಇರುತ್ತದೆ. ಹವರ್ಥಿಯಾ ಮಾತ್ರ ನೆರಳಿಗೆ ಬಂದ ಒಂದೂವರೆ ತಿಂಗಳಲ್ಲಿ ನಿಧಾನವಾಗಿ ಹಸಿರಾಯಿತು.

ಮೂರನೆಯ ದಿನ ಕಟ್ಟಡದ ಸಂಘದ ಕಾರ್ಯದರ್ಶಿ ಬಾಗಿಲು ತಟ್ಟಿದರು. ಪ್ಯಾರಾಪೆಟ್ ಮೇಲಿನ ಕುಂಡ ಕೆಳಗೆ ನಡೆಯುವವರ ತಲೆಯ ಮೇಲೆ ಬಿದ್ದರೆ? ಅವರ ಮಾತು ನ್ಯಾಯವಾಗಿತ್ತು, ನನಗೆ ಅದು ಹೊಳೆದಿರಲೇ ಇಲ್ಲ. ತಾರಸಿಯ ಮೂಲೆಯಲ್ಲಿ ಸ್ಟ್ಯಾಂಡ್ ಇಡಬೇಕಾದರೆ ಲಿಖಿತ ಅರ್ಜಿ ಬೇಕು, ಮೇಲಿನ ಮಹಡಿಯ ಮೂರೂ ಮನೆಯವರ ಸಹಿ ಬೇಕು, ತಾರಸಿಯ ನೀರು ತಡೆಯುವ ಲೇಪಕ್ಕೆ ಹಾನಿಯಾದರೆ ನಾನೇ ಹೊಣೆ ಎಂದು ಬರೆದುಕೊಡಬೇಕು. ಮೂರರಲ್ಲಿ ಒಂದು ಮನೆಯವರು ಮಗಳ ಬಾಣಂತನಕ್ಕೆ ಶಿವಮೊಗ್ಗಕ್ಕೆ ಹೋಗಿದ್ದರು. ಅವರ ಸಹಿಗೆ ಕಾದು ಒಪ್ಪಿಗೆ ಸಿಗುವಷ್ಟರಲ್ಲಿ ಹತ್ತೊಂಬತ್ತು ದಿನವಾಯಿತು. ಗುಜರಿಯಿಂದ ಕಬ್ಬಿಣದ ಸ್ಟ್ಯಾಂಡ್ ತಂದು ಬಣ್ಣ ಹೊಡೆಸಿದ್ದಕ್ಕೆ 1,100 ರೂಪಾಯಿ. ಮೇ ಮೂರನೆಯ ವಾರದಲ್ಲೇ ಜೋರು ಮಳೆ ಹಿಡಿಯಿತು. ಎರಡು ವಾರವೂ ಅನುಭವಿಸದ ಆ ಒಪ್ಪಿಗೆ ಪತ್ರ ಇನ್ನೂ ಪುಸ್ತಕದೊಳಗಿದೆ. ತಾರಸಿಯನ್ನು ನಂಬಿಕೊಂಡವರು ಅರ್ಜಿಯನ್ನು ದೀಪಾವಳಿಯ ಹೊತ್ತಿಗೇ ಕೊಟ್ಟಿರಿ. ಮಳೆ ನಿಂತ ಮೇಲಿನ ಆರು ತಿಂಗಳು ಪೂರ್ತಿ ಸಿಗುತ್ತವೆ.

ಇದರ ನಡುವೆ ಆನ್‌ಲೈನಿನಲ್ಲಿ ಐದು ಗಿಡ ತರಿಸಿದ್ದೆ, ಅಂಚೆ ವೆಚ್ಚ ಸೇರಿ 640 ರೂಪಾಯಿ. ನಾಲ್ಕು ದಿನ ಎಂದಿದ್ದವರು ಹನ್ನೊಂದನೆಯ ದಿನ ತಲುಪಿಸಿದರು. ಕಾಗದದಲ್ಲಿ ಸುತ್ತಿ, ಮಣ್ಣಿಲ್ಲದ ಬರಿಬೇರು. ಎರಡು ಕೊಳೆತಿದ್ದವು. ಹಣ ಕೇಳಿದರೆ ಪೊಟ್ಟಣ ಬಿಚ್ಚುವ ವಿಡಿಯೊ ಕಳಿಸಿ ಎಂದರು. ಕಳಿಸಿದೆ. ನಡುವೆ ಒಮ್ಮೆ ಕತ್ತರಿ ತರಲು ನಿಲ್ಲಿಸಿದ್ದೆ, ತುಂಡಾದ ವಿಡಿಯೊ ಒಪ್ಪುವುದಿಲ್ಲ ಎಂದು ತಿರಸ್ಕರಿಸಿದರು. ಹಾಗಾಗಿ ಮೊದಲೇ ಕತ್ತರಿ ಪಕ್ಕಕ್ಕಿಟ್ಟುಕೊಳ್ಳಿ, ಪೆಟ್ಟಿಗೆಯ ಮೇಲಿನ ವಿಳಾಸ ತೋರಿಸುವಲ್ಲಿಂದ ಕೊನೆಯ ಗಿಡದವರೆಗೆ ನಿಲ್ಲಿಸದೆ ಚಿತ್ರಿಸಿ. ಬರಿಬೇರಿನ ಗಿಡ ಬಂದ ಕೂಡಲೇ ನೆಟ್ಟು ನೀರೆರೆಯಬೇಡಿ. ನೆರಳಿನಲ್ಲಿ ಎರಡು ಮೂರು ದಿನ ಹಾಗೇ ಮಲಗಿಸಿ, ಮುರಿದ ಬೇರಿನ ಗಾಯ ಒಣಗಲಿ. ಒಣ ಮಣ್ಣಿನಲ್ಲಿ ನೆಟ್ಟು ವಾರದ ಮೇಲೆ ಮೊದಲ ನೀರು. ನನಗೆ ಉಳಿದ ಮೂರು ಹೀಗೆಯೇ ಉಳಿದವು.

ಜೇಡ್ ಗಿಡದ ಕಥೆ ಬೇರೆ. ಎಲೆಯಿಂದಲೇ ಹೊಸ ಗಿಡ ಬರುತ್ತದೆ ಎಂದು ಓದಿ ಫೆಬ್ರವರಿಯಲ್ಲಿ ಹನ್ನೆರಡು ಎಲೆಗಳನ್ನು ಒಣ ಮಣ್ಣಿನ ಮೇಲೆ ಸಾಲಾಗಿ ಇಟ್ಟಿದ್ದೆ. ನಮ್ಮ ಕಡೆಯ ಕಾಡುಬಸಳೆಯ ಎಲೆಯ ಅಂಚಿನಲ್ಲಿ ಮರಿ ಹುಟ್ಟುವುದನ್ನು ಚಿಕ್ಕಂದಿನಿಂದ ನೋಡಿದವಳು, ನಂಬಿಕೆಯಿತ್ತು. ಎರಡು ತಿಂಗಳು ಕಾದೆ. ಹನ್ನೆರಡೂ ಒಣಗಿ ಒಣದ್ರಾಕ್ಷಿಯಾದವು. ಮೇಷ್ಟ್ರು ಗಿಡದ ಕೆಂಪು ಕಾಂಡವನ್ನೂ ಉಗುರಿನಷ್ಟೇ ಇರುವ ಎಲೆಯನ್ನೂ ನೋಡಿ ಹೇಳಿದರು: "ಇದು ಜೇಡ್ ಅಲ್ಲಮ್ಮ, ಪೋರ್ಚುಲಕೇರಿಯಾ. ದಕ್ಷಿಣ ಆಫ್ರಿಕಾದಲ್ಲಿ ಆನೆಗಳು ಮೇಯುವ ಗಿಡ. ನಮ್ಮ ನರ್ಸರಿಗಳಲ್ಲಿ ಇದನ್ನೇ ಜೇಡ್ ಎಂದು ಮಾರುತ್ತಾರೆ. ನಿಜವಾದ ಜೇಡ್, ಕ್ರಾಸುಲಾ ಒವಾಟಾ, ಅದರ ಎಲೆ ದೊಡ್ಡದು." ಕ್ರಾಸುಲಾ ಎಲೆಯಿಂದ ಬರುತ್ತದೆ. ಪೋರ್ಚುಲಕೇರಿಯಾದ ಎಲೆ ಅಪರೂಪಕ್ಕೆ ಬೇರು ಬಿಟ್ಟರೂ ಗಿಡವಾಗುವುದು ಕಷ್ಟ, ಅದಕ್ಕೆ ಕಡ್ಡಿಯೇ ಸರಿ. ಬೆರಳುದ್ದದ ಮೂರು ಕಡ್ಡಿ ಮುರಿದು, ಗಾಯ ಒಣಗಿಸಿ ನೆಟ್ಟೆ. ಮೂರೂ ಹಿಡಿದವು.

ಮೇಷ್ಟ್ರು ಹೇಳಿದ ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಈ ಗಿಡಗಳಲ್ಲಿ ಹೆಚ್ಚಿನವು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡ್ ಸೆಳೆದು ಆಮ್ಲವಾಗಿ ಕೂಡಿಟ್ಟುಕೊಳ್ಳುತ್ತವಂತೆ. ಹಗಲು ಬಿಸಿಲು ಬಂದಾಗ ಅದನ್ನು ಬಳಸಿ ಆಹಾರ ತಯಾರಿಸುತ್ತವೆ. ನೀರು ಆವಿಯಾಗಿ ಹೋಗದಂತೆ ಕಲಿತ ಉಪಾಯ ಅದು. ಅಷ್ಟು ಜೋಪಾನವಾಗಿ ನೀರು ಉಳಿಸುವ ಜೀವಕ್ಕೆ ದಿನಾಲೂ ಉದ್ಧರಣೆ ಹಿಡಿದು ಹೋಗುತ್ತಿದ್ದೆನಲ್ಲ ಎಂದು ಆ ಸಂಜೆ ಬಹಳ ಹೊತ್ತು ನೊಂದುಕೊಂಡೆ.

ಮಳೆಗಾಲ ದೀರ್ಘವಾಗಿತ್ತು. ಸ್ಟ್ಯಾಂಡನ್ನು ಮನೆಯ ಹಾಲ್‌ಗೆ ಇಳಿಸಿ, ಮೇಲೆ 20 ವ್ಯಾಟಿನ ಬಿಳಿ ಎಲ್ಇಡಿ ಟ್ಯೂಬ್ ಕಟ್ಟಿದೆ. ತಾನಾಗಿ ಹೊತ್ತಿ ಆರುವ ಟೈಮರ್ ಸೇರಿ 730 ರೂಪಾಯಿ. ವಿಶೇಷ ದೀಪವೇ ಬೇಕೆಂದೇನೂ ಇಲ್ಲ. 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಎಂದು ಬರೆದಿರುವ ಸಾಧಾರಣ ಟ್ಯೂಬ್ ಸಾಕು, ಆದರೆ ಎಲೆಯಿಂದ ಒಂದು ಗೇಣಿಗಿಂತ ದೂರವಿರಬಾರದು. ಚಾವಣಿಯ ದೀಪದಿಂದ ಪ್ರಯೋಜನವಿಲ್ಲ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಉರಿಸಿದರೆ ತಿಂಗಳಿಗೆ 7.2 ಯೂನಿಟ್. ಕರೆಂಟಿನ ಬಿಲ್ಲಿಗೆ ಹೆದರಿದ್ದ ನನಗೆ ಈ ಲೆಕ್ಕ ಸಮಾಧಾನ ತಂದಿತು.

ಮೇ 30ರಂದು ಉದ್ದವಾಗಿ ಹೋಗಿದ್ದ ಎಚೆವೇರಿಯಾದ ತಲೆ ಕತ್ತರಿಸಿದೆ. ಸ್ಪಿರಿಟಿನಲ್ಲಿ ಒರೆಸಿದ ಬ್ಲೇಡ್, ಆದರೂ ಕೈ ನಡುಗಿತು. ಕತ್ತರಿಸಿದ ತಲೆಯನ್ನು ಖಾಲಿ ಲೋಟದ ಬಾಯಿಯ ಮೇಲೆ, ಕಾಂಡ ಗಾಳಿಯಲ್ಲಿ ತೂಗುವಂತೆ ಕೂರಿಸಿದೆ. ನೀರಿಲ್ಲ, ಮಣ್ಣಿಲ್ಲ. ಜೂನ್ 8ಕ್ಕೆ ಗಾಯ ಒಣಗಿ ತೊಗಟೆಯಂತಾಗಿತ್ತು. ಆಮೇಲೆ ದಿನಾಲೂ ಬೆಳಿಗ್ಗೆ ಎತ್ತಿ ನೋಡುವುದು, ಏನೂ ಇಲ್ಲದೆ ಇಳಿಸುವುದು. ಜೂನ್ 22ರಂದು ಕನ್ನಡಕ ಹಾಕಿಕೊಂಡು ನೋಡಿದರೆ, ಒಣಗಿದ ಕಾಂಡದ ಪಕ್ಕದಿಂದ ರವಿಕೆಯ ದಾರದ ತುದಿಯಷ್ಟು ಸಣ್ಣ, ಗುಲಾಬಿ ಬಣ್ಣದ ಬೇರು. ಒಂದಲ್ಲ, ನಾಲ್ಕು. ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ. ಜುಲೈನಲ್ಲಿ, ಮಡಕೆಯಲ್ಲೇ ಬಿಟ್ಟಿದ್ದ ಮೋಟು ಕಾಂಡದ ಪಕ್ಕದಲ್ಲೂ ಮೂರು ಮರಿಗಳು ಹೊರಟವು.

ಸೆಪ್ಟೆಂಬರಿನಲ್ಲಿ ಹಿಟ್ಟು ತಿಗಣೆ ಬಂತು. ಮೊದಲು ಕಂಡದ್ದು ಇರುವೆ ಸಾಲು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆ ಅದನ್ನು ಕಾಯುತ್ತದೆ, ಗಿಡದಿಂದ ಗಿಡಕ್ಕೆ ಹೊತ್ತೊಯ್ಯುತ್ತದೆ. ವಾರದಲ್ಲಿ ಹವರ್ಥಿಯಾದ ಎಲೆಗಳ ಸಂದಿಯಲ್ಲಿ ಹತ್ತಿಯ ಚೂರಿನಂತೆ ಬಿಳಿ. ಔಷಧ ಅಂಗಡಿಯ ಸರ್ಜಿಕಲ್ ಸ್ಪಿರಿಟಿನಲ್ಲಿ ಕಿವಿಗೆ ಹಾಕುವ ಹತ್ತಿಕಡ್ಡಿ ಅದ್ದಿ ಒಂದೊಂದನ್ನೇ ಮುಟ್ಟಿದೆ, ಸಂಜೆಯ ಹೊತ್ತು, ದೀಪ ಆರಿದ ಮೇಲೆ. ಒಮ್ಮೆ ಒರೆಸಿದರೆ ಮುಗಿಯುವುದಿಲ್ಲ, ಮೊಟ್ಟೆಗಳು ಉಳಿದಿರುತ್ತವೆ. ಏಳು ದಿನಕ್ಕೊಮ್ಮೆಯಂತೆ ನಾಲ್ಕು ಸಲ ಮಾಡಿದ ಮೇಲೆ ನಿಂತಿತು. ಬೇವಿನೆಣ್ಣೆಯನ್ನು ಲೀಟರ್ ನೀರಿಗೆ 5 ಮಿಲಿಯಂತೆ ಎರಡು ಹನಿ ಸೋಪಿನೊಂದಿಗೆ ಕಲಸಿ ಪೋರ್ಚುಲಕೇರಿಯಾಕ್ಕೆ ಸಿಂಪಡಿಸಿದೆ. ಎಚೆವೇರಿಯಾಕ್ಕೆ ಬೇಡ. ಅದರ ಎಲೆಯ ಮೇಲಿನ ವಿಭೂತಿಯಂಥ ಪುಡಿ ಅದಕ್ಕೆ ಬಿಸಿಲಿನಿಂದ ರಕ್ಷಣೆ, ಎಣ್ಣೆ ತಾಕಿದರೆ ಅಳಿಸಿಹೋಗುತ್ತದೆ. ಬೆರಳು ತಾಕಿದರೂ ಗುರುತು ಉಳಿಯುತ್ತದೆ. ಈ ಎಲ್ಲದಕ್ಕೆ 245 ರೂಪಾಯಿ. ಹೊಸ ಗಿಡ ತಂದಾಗ ಹದಿನೈದು ದಿನ ಬೇರೆ ಕೋಣೆಯಲ್ಲಿಡಿ. ನಾನು ಇಟ್ಟಿರಲಿಲ್ಲ.

ವರ್ಷದ ಖರ್ಚು ಒಟ್ಟು 3,665 ರೂಪಾಯಿ. ಮತ್ತೆ ಶುರುಮಾಡುವುದಾದರೆ ಒಂದು ಹವರ್ಥಿಯಾ, ಒಂದು ಮಣ್ಣಿನ ಕುಂಡ, ಒಂದು ಚೀಲ ಪರ್ಲೈಟ್, ಇಷ್ಟೇ ತರುತ್ತಿದ್ದೆ. ನಾನೂರು ರೂಪಾಯಿಯೊಳಗೆ ಆಗುತ್ತದೆ. ಅದರ ತೂಕ ಕೈಗೆ ಗೊತ್ತಾದ ಮೇಲೆ ಎರಡನೆಯದು.

ಈಗ ಮತ್ತೆ ನವೆಂಬರ್. ನಿನ್ನೆ, 20ನೇ ತಾರೀಕು, ಮಧ್ಯಾಹ್ನ ಮನೆಯಲ್ಲೇ ಇದ್ದೆ. ಹನ್ನೆರಡೂ ಇಪ್ಪತ್ತಕ್ಕೆ ದಕ್ಷಿಣದ ಕಿಟಕಿಯಿಂದ ಬಿಸಿಲು ಕಟ್ಟೆ ದಾಟಿ ನೆಲಕ್ಕೆ ಬಿತ್ತು. ಟೇಪು ಹಿಡಿದೆ: ಗೋಡೆಯಿಂದ ಮೂರಡಿ. ಪುಸ್ತಕ ತೆಗೆದರೆ ಜನವರಿ 22ರ ಪುಟದಲ್ಲಿಯೂ ಅದೇ ಅಳತೆ. ಡಿಸೆಂಬರ್ 21ರಿಂದ ಅತ್ತ ಒಂದು ತಿಂಗಳು, ಇತ್ತ ಒಂದು ತಿಂಗಳು. ಎಚೆವೇರಿಯಾವನ್ನೂ ಅದರ ಮೂರು ಮರಿಗಳನ್ನೂ ಟ್ಯೂಬಿನ ಕೆಳಗಿನಿಂದ ತಂದು ಕಿಟಕಿ ಕಟ್ಟೆಯ ಮೇಲಿಟ್ಟಿದ್ದೇನೆ, ಮೊದಲ ಎರಡು ವಾರ ತೆಳು ಪರದೆಯ ಹಿಂದೆ. ಎತ್ತುವಾಗ ಕುಂಡ ಇನ್ನೂ ಭಾರವಾಗಿಯೇ ಇತ್ತು. ನೀರು ಹಾಕಲಿಲ್ಲ.